ಬೋರಲು ಹಾಕಿದ ಬಾಣಲಿ

ನನ್ನ ಗಂಡನ ಹೆಸರು ಮಾರೆಣ್ಣ. ಅವನು ಬದುಕಿದ್ದಷ್ಟು ದಿನ ಆ ಹೆಸರು ನನ್ನ ಬಾಯಿಂದ ಹೊರಟದ್ದಿಲ್ಲ. ಹೆಂಡತಿ ಹೆಸರು ಹಿಡಿದು ಕರೆದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಅನ್ನುತ್ತಾರೆ ನಮ್ಮ ಕಡೆ. ನಾನು ಬಾಯಿ ಕಟ್ಟಿ ಕಾಪಾಡಿದ ಆಯುಸ್ಸನ್ನು ಆಲೂರು ರಸ್ತೆಯ ಒಂದು ಲಾರಿ ತೆಗೆದುಕೊಂಡು ಹೋಯಿತು. ಹಾಗಾಗಿ ಈಗ ಹೇಳುತ್ತೇನೆ. ಕೇಳಿಸಿದರೆ ಬಂದು ಬೈಯಲಿ.

ನನ್ನ ಹೆಸರು ಶಾಂತಕ್ಕ. ಹೆಸರಿಟ್ಟವರು ನನ್ನ ಬಾಯಿ ಕೇಳುವ ಮುಂಚೆಯೇ ಇಟ್ಟುಬಿಟ್ಟಿದ್ದರು.

ಆದೋನಿ ಸ್ಟೇಷನ್ನಿನಿಂದ ಹತ್ತಿ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮುಂದಿನ ಕೋಣೆ ಅಂಗಡಿ, ಹಿಂದಿನವು ಸಂಸಾರಕ್ಕೆ. ಅಂಗಡಿಗೂ ನನ್ನ ಅಡುಗೆಮನೆಗೂ ನಡುವೆ ಒಂದೇ ಗೋಡೆ, ಆ ಗೋಡೆಯಲ್ಲಿ ಒಂದು ಸಣ್ಣ ಕಿಟಕಿ, ಅದಕ್ಕೊಂದು ಮರದ ಬಾಗಿಲು. ಆ ಅಂಗಡಿಯಲ್ಲಿ ಮಾರೆಣ್ಣ ಬೆಳಗಿನ ಹೊತ್ತು ಉಗ್ಗಾಣಿ, ಮಿರ್ಚಿ ಬಜ್ಜಿ ಮಾರುತ್ತಿದ್ದ. ಮಂಡಾಳು, ಅಂದರೆ ಮಂಡಕ್ಕಿ, ನೆನೆಸಿ, ಹಿಂಡಿ, ಒಗ್ಗರಣೆ ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸಿದರೆ ಉಗ್ಗಾಣಿ ಆಯಿತು, ಅದನ್ನು ಯಾರು ಬೇಕಾದರೂ ಮಾಡುತ್ತಾರೆ. ಬಜ್ಜಿ ಹಾಗಲ್ಲ. ಮೆಣಸಿನಕಾಯಿ ಸೀಳಿ, ಹುಣಸೆಹಣ್ಣು ಓಮ ಅರೆದು ಒಳಗೆ ಸವರಿ, ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವುದರಲ್ಲಿ ಒಂದು ಕೈಗುಣ ಇರುತ್ತದೆ. ಮಾರೆಣ್ಣ ಎಡಚ. ಎಡಗೈಯಿಂದ ಬಿಡುತ್ತಿದ್ದ. ರೈಲಿಗೆ ಹೊತ್ತಾಯಿತೆಂದು ಗಿರಾಕಿಗಳು ಅವಸರ ಮಾಡಿದರೆ, “ತಡೀರಲೇ, ಎಣ್ಣಿಗೇನು ರೈಲು ಹಿಡಿಯೋದೈತೇನು?” ಎನ್ನುತ್ತಿದ್ದ. ದಿನಾ ಅದೇ ಮಾತು, ದಿನಾ ಅವರೂ ನಗುತ್ತಿದ್ದರು.

ತಾನು ಮಾಡಿದ್ದನ್ನು ಅವನು ಎಂದೂ ರುಚಿ ನೋಡಿದವನಲ್ಲ. ಬೋಣಿಗೆ ಮುಂಚೆ ಮಾರುವವನೇ ಬಾಯಿಗೆ ಹಾಕಿಕೊಂಡರೆ ಪೂರ್ತಿ ಬಾಣಲಿ ಎಂಜಲಾಯಿತೆಂದು ಅವನ ಲೆಕ್ಕ. ಅದಕ್ಕೇ ಆ ಕಿಟಕಿ. ಜಾಲರಿ ಸೌಟಿನಿಂದ ಮರದ ಬಾಗಿಲಿಗೆ ಟಕ್ ಟಕ್ ಎಂದು ಬಡಿದು, ಮೊದಲ ಬಜ್ಜಿಯನ್ನು ಒಳಗೆ ಚಾಚುತ್ತಿದ್ದ. “ಶಾಂತೀ, ಬಾಯಿ ತೆಗಿ. ಬೈಯಾಕಲ್ಲ.” ನಾನು ಕಚ್ಚಿ ನೋಡಿ ಉಪ್ಪು ಸರಿ ಐತಿ ಅಂತಲೋ ಕಮ್ಮಿ ಐತಿ ಅಂತಲೋ ಕೂಗಬೇಕು. ಆಮೇಲೆ ಶಟರು ಮೇಲೆ ಹೋಗುತ್ತಿತ್ತು. ಈ ಕಿಟಕಿಯ ಮಾತು ನಮ್ಮಿಬ್ಬರದು. ಹೊರಗಿನ ನರಪಿಳ್ಳೆಗೂ ಗೊತ್ತಿರಲಿಲ್ಲ.

ಕಡೆಯ ದಿನ ಬೆಳಿಗ್ಗೆಯೂ ಟಕ್ ಟಕ್ ಎಂದಿತು. ಬಜ್ಜಿ ತೆಗೆದುಕೊಂಡೆ. ಮಿಕ್ಸಿಯಲ್ಲಿ ಶೇಂಗಾ ಚಟ್ನಿ ತಿರುಗುತ್ತಿತ್ತು. ಕಿಟಕಿಯ ಆಚೆ ಅವನು ಏನೋ ಅಂದ. ತುಟಿ ಆಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಆಮೇಲೆ ಹೇಳು ಎಂದು ಕೈ ಮಾಡಿದೆ. ನಕ್ಕು ಆ ಕಡೆ ತಿರುಗಿದ. ಬೆಳಗಿನ ವ್ಯಾಪಾರ ಮುಗಿಸಿ, ಮೆಣಸಿನಕಾಯಿ ತರಲು ಬೈಕ್ ಹತ್ತಿ ಆಲೂರಿನ ಕಡೆ ಹೋದವನು ಆಂಬುಲೆನ್ಸಿನಲ್ಲಿ ತಿರುಗಿ ಬಂದ.

ಏನೆಂದಿರಬಹುದು? ಜನ ಬಂದರು, ಅತ್ತರು, ಹೋದರು. ನನಗೆ ಅಳುವುದಕ್ಕೂ ಪುರಸೊತ್ತಿಲ್ಲ, ಅದೊಂದೇ ಯೋಚನೆ. ಎಂದೂ ಹೇಳದ ಮಾತೇನಾದರೂ ಹೇಳಿದನೇ? ಎದೆ ನೋವು ಅಂದನೇ? ಇವತ್ತು ಹೋಗುವುದು ಬೇಡ ಅನ್ನಿಸುತ್ತಿದೆ ಅಂದನೇ? ಆ ತುಟಿಗಳ ಆಟವನ್ನು ನೂರು ಸಲ ನೆನಪಿಗೆ ತಂದುಕೊಂಡೆ. ತಂದುಕೊಂಡಷ್ಟೂ ಅಳಿಸಿ ಹೋಯಿತು. ಕನಸಿನಲ್ಲಾದರೂ ಬಂದು ಹೇಳಲಿ ಎಂದು ಕಾದೆ. ಬರಲಿಲ್ಲ, ಪುಣ್ಯಾತ್ಮ.

ಅವನ ಅಕ್ಕ ಎರ್ರಮ್ಮ ಪೆದ್ದಕಡುಬೂರಿನಿಂದ ಬಂದು ಕಾರ್ಯಗಳನ್ನೆಲ್ಲ ಮುಂದೆ ನಿಂತು ಮಾಡಿಸಿದಳು. ಹೊರಡುವ ದಿನ ಅಂಗಡಿಗೆ ಹೋಗಿ, ಅವನ ಕಬ್ಬಿಣದ ಬಾಣಲಿಯನ್ನು ಎತ್ತಿ ಅಟ್ಟದ ಮೇಲೆ ಬೋರಲು ಹಾಕಿದಳು.

“ವರ್ಷ ತುಂಬೋತನ ಈ ಮನಿಯಾಗ ಎಣ್ಣಿ ಕಾಯಂಗಿಲ್ಲ, ಶಾಂತಾ. ಕರದ ವಾಸನಿಗೆ ಹೋದವರು ತಿರುಗಿ ಬರ್ತಾರ. ವರ್ಷದೊಳಗ ಬಂದ್ರಂದ್ರ ಮುಂದಿನ ದಾರಿ ಮರತು ಇಲ್ಲೇ ಉಳಿದುಬಿಡ್ತಾರ. ವರ್ಷದ ಕಾರ್ಯಕ್ಕ ನಾನ ಬಂದು ಬಾಂಡ್ಲಿ ಇಡತೀನಿ.”

ನಾನು ಹೂಂ ಅಂದೆ. ಹಬ್ಬ ಬಂದರೂ ಒಂದು ಹಪ್ಪಳ ಕರಿಯಲಿಲ್ಲ. ಆದರೆ ಮುಚ್ಚಿದ ಶಟರು ಊಟ ಹಾಕುವುದಿಲ್ಲವಲ್ಲ. ಬಾಡಿಗೆಗೆ ಕೊಡೋಣವೆಂದರೆ ಸಾವಾದ ಅಂಗಡಿಯೆಂದು ಯಾರೂ ಕೇಳಿಕೊಂಡು ಬರಲಿಲ್ಲ.

ಬಂದವನು ಒಬ್ಬನೇ. ಟೇಕ್ ಬಹದ್ದೂರ್ ಎಂದು ಹೆಸರು. ನೇಪಾಳದ ಅಛಾಮ್ ಎಂಬ ಬೆಟ್ಟದ ಸೀಮೆಯವನು. ಬೆಂಗಳೂರಿನಲ್ಲಿ ಹೋಟೆಲ್ ತಟ್ಟೆ ತೊಳೆದು, ಬಳ್ಳಾರಿಯಲ್ಲಿ ಯಾರದೋ ಗಾಡಿಯಲ್ಲಿ ನೂಡಲ್ಸ್ ಹಾರಿಸಿ ಹಾರಿಸಿ, ಇನ್ನು ತನ್ನದೇ ಅಂಗಡಿ ಹಾಕಬೇಕೆಂದು ಹೊರಟಿದ್ದ. ಬೇರೆ ದೇಶದವನು, ಇಲ್ಲಿಯ ಕಾಗದ ಪತ್ರ ಇಲ್ಲ ಎಂದು ಊರೆಲ್ಲ ಬಾಗಿಲು ಮುಚ್ಚಿತ್ತು. ಅವನಿಗೆ ಅಂಗಡಿ ಕೊಡುವವರಿಲ್ಲ, ನನ್ನ ಅಂಗಡಿ ಹಿಡಿಯುವವರಿಲ್ಲ. ಕುರುಡನ ಹೆಗಲ ಮೇಲೆ ಕುಂಟ ಕೂತ ಹಾಗೆ ಒಪ್ಪಂದವಾಯಿತು.

“ಏನೇನು ಮಾಡ್ತೀಯಪ್ಪಾ?” ಅಂತ ಕೇಳಿದೆ.

“ನೂಡಲ್ಸ್, ಮೊಮೊ, ಗೋಬಿ ಮಂಚೂರಿ, ಅಕ್ಕಾ.” ಬಳ್ಳಾರಿಯಲ್ಲಿ ಕಲಿತ ತುಂಡು ಕನ್ನಡ, ನಡುವೆ ಹಿಂದಿ.

ನೂಡಲ್ಸು ಹುರಿಯುವುದು, ಮೊಮೊ ಬೇಯಿಸುವುದು. ಗೋಬಿ ಮಾತ್ರ ಕರಿಯುವುದು. ಎರ್ರಮ್ಮನ ಮಾತು ಉಳಿಯಿತು, ನನ್ನ ಬಾಡಿಗೆಯೂ ಉಳಿಯಿತು ಎಂದು ಜಾಣತನ ಮಾಡಿದೆ. “ಗೋಬಿ ಬ್ಯಾಡ. ಉಳಿದದ್ದು ಏನರ ಮಾಡಿಕೋ,” ಅಂದೆ. ಯಾಕೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಪರದೇಶದಲ್ಲಿ ಅಂಗಡಿ ಇಡುವವನು ಯಾಕೆ ಅಂತ ಕೇಳುವುದನ್ನು ಮೊದಲು ಬಿಟ್ಟಿರುತ್ತಾನೆ ಅಂತ ಕಾಣುತ್ತದೆ.

ಗೋಬಿ ಇಲ್ಲದ ಫಾಸ್ಟ್‌ಫುಡ್ ಅಂಗಡಿ ಎಂದರೆ ಮದುಮಗ ಇಲ್ಲದ ಮದುವೆ. ಸಂಜೆ ಹುಡುಗರು ಬಂದು, ಗೋಬಿ ಇಲ್ಲವೆಂದೊಡನೆ ಬೈಕ್ ತಿರುಗಿಸುತ್ತಿದ್ದರು. ಮೊಮೊ ಕಂಡ ಹೆಂಗಸೊಬ್ಬಳು, “ಇದು ಕಡುಬಲ್ಲೇನು? ಬೆಲ್ಲ ಯಾಕ ಹಾಕಿಲ್ಲ?” ಎಂದು ಅವನಿಗೇ ಪಾಠ ಹೇಳಿ ಹೋದಳು. ಬಹದ್ದೂರ್ ಎಂಬ ಹೆಸರು ಕೇಳಿ ಕೆಲವರು ರಾತ್ರಿ ಕಾವಲಿನವರ ಹಾಗೆ ಸೀಟಿ ಊದು ಅಂದರು. ಅವನು ನಗುತ್ತಿದ್ದ. ಬಾಗಿಲ ಮೇಲೆ ಬರೆಸಿದ್ದ ಡ್ರಾಗನ್ ಚಿತ್ರ ಅಳಿಸಿ ವೆಂಕಟರಮಣನ ಪಟ ಹಾಕಿದ. ಫೋನಿನಲ್ಲಿ ದುಡ್ಡು ಹಾಕುವ ಚೀಟಿಗೆ ಬೇಕಾದ ಖಾತೆ ಅವನಿಗಿಲ್ಲಿ ಇಲ್ಲದ್ದರಿಂದ ನನ್ನ ಹೆಸರಿನ ಚೀಟಿಯನ್ನೇ ಅಂಟಿಸಿದ. ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದು ಕಲಿತ. ಏನು ಕಲಿತರೂ ಗಿರಾಕಿ ಬರಲಿಲ್ಲ. ಅಂಗಡಿ ಕಟ್ಟೆಯ ಮೇಲೆ ಕೂತು ಸ್ಟೇಷನ್ ಕಡೆ ನೋಡುತ್ತಿದ್ದ ಅವನ ಬೆನ್ನು ಕಂಡರೆ ಒಂದು ಲೋಟ ಚಹಾ ಕೊಟ್ಟು ಬರುತ್ತಿದ್ದೆ. ಆದರೂ ಗೋಬಿ ಮಾಡು ಅನ್ನಲಿಲ್ಲ.

ಒಂದು ಬೆಳಿಗ್ಗೆ ಕಸ ಗುಡಿಸುತ್ತಿದ್ದೆ. ಎಣ್ಣೆ ಕಾದ ವಾಸನೆ ಬಂತು. ಯಾರ ಮನೆಯದೋ ಎಣ್ಣೆಯಲ್ಲ. ಹಳೆಯ ಕಬ್ಬಿಣ, ಓಮ, ಹುಣಸೆ, ಸುಟ್ಟ ಮೆಣಸಿನ ಘಾಟು ಎಲ್ಲ ಕೂಡಿದ, ನನ್ನ ಗಂಡನ ಅಂಗಿಯಲ್ಲಿ ಇರುತ್ತಿದ್ದ ವಾಸನೆ. ಕಸಬರಿಗೆ ಹಿಡಿದುಕೊಂಡೇ ಮುಂಬಾಗಿಲಿಗೆ ಓಡಿದೆ, ಬಹದ್ದೂರನ ಬೆನ್ನಿಗೆ ಅದನ್ನೇ ಹಾಕುವುದೆಂದು.

ಅಂಗಡಿ ಮುಂದೆ ಜನ ಇದ್ದರು. ಒಲೆಯ ಮೇಲೆ ಮಾರೆಣ್ಣನ ಬಾಣಲಿ. ಅದರ ಮುಂದೆ, ಗೋಡೆಗೆ ಹತ್ತಿದಂತೆ ಮಾರೆಣ್ಣ ನಿಲ್ಲುತ್ತಿದ್ದ ಜಾಗದಲ್ಲೇ, ಟೇಕ್ ಬಹದ್ದೂರ್ ನಿಂತು ಮೆಣಸಿನಕಾಯಿ ಬಿಡುತ್ತಿದ್ದ. ಎಡಗೈಯಿಂದ ಬಿಡುತ್ತಿದ್ದ. ಉಣ್ಣುವುದಕ್ಕೂ ಬರೆಯುವುದಕ್ಕೂ ಅವನು ಬಲಗೈಯವನು.

ಯಾರೋ “ಲಗೂ ಕೊಡಪಾ” ಅಂದರು.

“ತಡೀರಲೇ, ಎಣ್ಣಿಗೇನು ರೈಲು ಹಿಡಿಯೋದೈತೇನು?” ಅಂದ ಬಹದ್ದೂರ್.

ತುಂಡು ಕನ್ನಡವಲ್ಲ. ಲೇ ಎಂದು ಎಳೆಯುವಲ್ಲಿ ಎಳೆದು, ರೈಲು ಎನ್ನುವಲ್ಲಿ ಗಂಟಲು ಒಡೆದು, ಮಾರೆಣ್ಣನ ದನಿಯ ಅಂಕುಡೊಂಕೆಲ್ಲ ಅದರಲ್ಲಿತ್ತು. ಜನ ನಗಲಿಲ್ಲ. ಮಾರೆಣ್ಣನ ಕಾಲದಲ್ಲಿ ದಿನಾ ಮೊದಲ ಗಿರಾಕಿಯಾಗಿ ಬರುತ್ತಿದ್ದ ಆರ್‌ಟಿಸಿ ಕಂಡಕ್ಟರ್ ಶ್ರೀರಾಮುಲು ಅರ್ಧ ಕಚ್ಚಿದ ಬಜ್ಜಿ ಹಿಡಿದು ನನ್ನ ಮುಖ ನೋಡಿದ. ಕಣ್ಣು ತುಂಬಿತ್ತು.

“ಅಮ್ಮಾ, ಇದು ಅಚ್ಚಂ ಮಾರೆಣ್ಣನ ಬಜ್ಜೀನೇ. ರುಚಿ ಸಹಾ,” ಅಂದ.

ನನ್ನ ಕಸಬರಿಗೆ ಕೈಯಲ್ಲೇ ಉಳಿಯಿತು.

ಗಿರಾಕಿ ಕರಗಿದ ಮೇಲೆ ಅವನನ್ನು ಹಿಡಿದುಕೊಂಡೆ. “ಕರಿಯೋದು ಬ್ಯಾಡ ಅಂದಿದ್ದೆನಲ್ಲೋ?”

“ಗೋಬಿ ಬ್ಯಾಡ ಅಂದ್ರಿ ಅಕ್ಕಾ. ಬಜ್ಜಿ ಬ್ಯಾಡ ಅನ್ನಲಿಲ್ಲ.” ನಿಜವೇ. ಅವನ ಮುಖದಲ್ಲಿ ಕಳ್ಳತನವಿರಲಿಲ್ಲ, ಹೆದರಿಕೆಯಿತ್ತು. “ಇಲ್ಲಿ ಜನ ಬೆಳಿಗ್ಗೆ ಏನು ತಿಂತಾರ, ಅದಾ ಮಾಡಬೇಕು ಅಂತ ಹಿಟ್ಟು ಕಲಸೀದೆ. ಮೇಲೆ ಬಾಂಡ್ಲಿ ಸಿಕ್ತು. ಒಲಿ ಮ್ಯಾಲೆ ಇಟ್ಟ ಮೇಲೆ… ಮಾಲೂಮ್ ನಹೀ ಅಕ್ಕಾ, ಗೊತ್ತಿಲ್ಲ, ಕೈ ತಾನಾ ಹೋತು. ಮಾತು ತಾನಾ ಬಂತು.”

ಆಗ ಅವನಿಗೆ ಬಾಣಲಿ ಬೋರಲು ಹಾಕಿದ ಕಾರಣ ಹೇಳಿದೆ. ಕೇಳಿ ಒಲೆಯ ಉರಿ ಸಣ್ಣದು ಮಾಡಿದ. “ನಮ್ಮ ಕಡೆ ಎಣ್ಣಿ ಅಲ್ಲ ಅಕ್ಕಾ, ಉಪ್ಪು,” ಅಂದ. “ಅಪ್ಪ ಸತ್ತರೆ ಮಕ್ಕಳು ಹದಿಮೂರು ದಿನ ಉಪ್ಪು ಮುಟ್ಟಂಗಿಲ್ಲ. ನಮ್ಮಪ್ಪ ಸತ್ತಾಗ ನಾನು ಬಳ್ಳಾರಿ ಗಾಡಿ ಮ್ಯಾಲೆ ಇದ್ದೆ. ಹೋಗಾಕ ಆಗಲಿಲ್ಲ. ಉಪ್ಪು ಬಿಟ್ಟು ನೂಡಲ್ಸ್ ತಿಂದೆ.”

ಒಲೆ ಆರಿಸಿ ಬಾಣಲಿ ಮತ್ತೆ ಬೋರಲು ಹಾಕು ಎಂದು ಹೇಳಬೇಕಿತ್ತು. ಬಾಯಿ ಬರಲಿಲ್ಲ. ಅಷ್ಟು ದಿನದ ಮೇಲೆ ಅವನ ಅಂಗಡಿ ಮುಂದೆ ಗಿರಾಕಿಗಳು ತಿಂದು ಎಸೆದ ಎಲೆ, ಕಾಗದ ಬಿದ್ದಿದ್ದವು.

ಮರುದಿನ ನಾನಿನ್ನೂ ಮುಖ ತೊಳೆದಿರಲಿಲ್ಲ. ಕಿಟಕಿಯ ಬಾಗಿಲಿಗೆ ಟಕ್ ಟಕ್ ಎಂದಿತು.

ಜಾಲರಿ ಸೌಟಿನ ಸದ್ದು. ಆಮೇಲೆ ಮರದ ಆಚೆಯಿಂದ ಮೆಲ್ಲಗೆ, ಮೂಗಿನಲ್ಲಿ ನಗು ತುಂಬಿಕೊಂಡ ದನಿ ಬಂತು.

“ಬಾಯಿ ತೆಗಿ. ಬೈಯಾಕಲ್ಲ.”

ಬಾಗಿಲು ತೆಗೆಯಲಿಲ್ಲ. ಸೀರೆ ಸೆರಗು ಬಾಯಿಗೆ ತುರುಕಿಕೊಂಡು ಒಲೆಯ ಪಕ್ಕ ಕೂತೆ. ಈ ಹಾಳು ನೇಪಾಳಿ ಗಿರಾಕಿಗಳ ಬಾಯಿಂದ ನನ್ನ ಗಂಡನ ಮಾತು ಕದ್ದು ವ್ಯಾಪಾರ ಮಾಡುತ್ತಿದ್ದಾನೆ ಎಂದು ರಾತ್ರಿಯೆಲ್ಲ ಬೈದುಕೊಂಡು ಮಲಗಿದ್ದೆ. ರೈಲಿನ ಮಾತು ಕದ್ದಿರಬಹುದು, ಊರಿಗೆಲ್ಲ ಗೊತ್ತಿತ್ತು. ಕಿಟಕಿಯ ಮಾತನ್ನು ಯಾರಿಂದ ಕದಿಯುತ್ತಾನೆ?

ಹೆದರಿಕೆ ಇಳಿದ ಮೇಲೆ ಬಂದದ್ದು ಸಿಟ್ಟು. ಅದೂ ಬಹದ್ದೂರನ ಮೇಲಲ್ಲ, ಮಾರೆಣ್ಣನ ಮೇಲೆ. ತಾಳಿ ಕಟ್ಟಿದ ಹೆಂಡತಿ ಗೋಡೆಯ ಈಚೆ ಒಂದು ಕನಸಿಗಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರೆ, ಇವನು ಹೋಗಿ ಯಾವ ದೇಶದವನದೋ ಹೆಗಲ ಹಿಂದೆ ನಿಂತಿದ್ದಾನೆ! ಹೊಟ್ಟೆಕಿಚ್ಚಾಯಿತು. ಸತ್ತ ಗಂಡನ ಸಲುವಾಗಿ ಹೊಟ್ಟೆಕಿಚ್ಚು ಪಡುವ ಹೆಂಗಸು ನಾನೊಬ್ಬಳೇ ಇರಬೇಕು.

ಅದರ ಮರುದಿನ ಟಕ್ ಎನ್ನುವ ಮುಂಚೆಯೇ ಬಾಗಿಲು ತೆಗೆದು ನಿಂತೆ. ಹಬೆಯಲ್ಲಿ ಬಹದ್ದೂರನ ಮುಖ ಮಾತ್ರ ಕಂಡಿತು. ಬೆವರಿ ನೀರಾಗಿದ್ದ. ಎಡಗೈಯಲ್ಲಿ ಸೌಟು, ಸೌಟಿನಲ್ಲಿ ಬಜ್ಜಿ.

“ಎಲ್ಲದಾನ?” ಅಂತ ಕೇಳಿದೆ.

ಅವನು ಕಣ್ಣಿನಿಂದಲೇ ತನ್ನ ಎಡಹೆಗಲು ತೋರಿಸಿದ. “ದಿನಾ ಬರ್ತಾನ ಅಣ್ಣ. ಎಣ್ಣಿ ಕಾದದ್ದು ಹೇಳ್ತಾನ. ಹಿಟ್ಟು ನೀರಾದ್ರ ಬೈತಾನ. ಯಾವ ಗಿರಾಕಿಗೆ ಉಳ್ಳಾಗಡ್ಡಿ ಹೆಚ್ಚು, ಯಾರಿಗೆ ಬ್ಯಾಡ, ಎಲ್ಲಾ ಹೇಳ್ತಾನ. ಈ ದೇಶದಾಗ ನನಗ ಯಾರೂ ಇಷ್ಟು ಹೇಳಿಕೊಟ್ಟಿಲ್ಲ ಅಕ್ಕಾ.”

“ಹೆದರಿಕಿ ಆಗಲ್ಲೇನು?”

“ಆಗತೈತಿ.” ಆಮೇಲೆ ಸಣ್ಣಗೆ ಅಂದ, “ಅಂಗಡಿ ಮುಚ್ಚಿ ಇನ್ನೊಬ್ಬರ ಗಾಡಿ ಮ್ಯಾಲೆ ಹೋಗೋದಕ್ಕ ಇನ್ನೂ ಹೆಚ್ಚು ಹೆದರಿಕಿ ಆಗತೈತಿ.”

ಹಬೆಯ ಹಿಂದೆ, ಅವನ ಎಡಹೆಗಲ ಮೇಲಿನ ಗೋಡೆ ನೋಡಿದೆ. ಮಸಿ ಹಿಡಿದ ಗೋಡೆ ಅಷ್ಟೆ. ಆದರೆ ಆ ಕಡೆಯಿಂದ ಕಬ್ಬಿಣ ಕಾದ ಬಿಸಿಯ ನಡುವೆ ಒಂದು ತಣ್ಣನೆಯ ಉಸಿರು ನನ್ನ ಕೆನ್ನೆಗೆ ತಾಗಿತು. ಬಜ್ಜಿ ತೆಗೆದುಕೊಂಡು ಕಿಟಕಿ ಹಾಕಿದೆ. ತಿನ್ನಲಾಗಲಿಲ್ಲ.

ಸುದ್ದಿ ಪೆದ್ದಕಡುಬೂರಿಗೂ ಹೋಯಿತು. ಎರ್ರಮ್ಮ ಮೊದಲ ಬಸ್ಸಿಗೇ ಬಂದಿಳಿದಳು. ಬಾಗಿಲಲ್ಲೇ ಮೂಗು ಅರಳಿಸಿ ನಿಂತಳು, ಒಳಗೆ ಬರಲಿಲ್ಲ.

“ಯಾವ ದೇಶದವನೋ ಬಂದು ನನ್ನ ತಮ್ಮನ ಬಾಂಡ್ಲಿ ಎತ್ಯಾನ, ನೀ ಬಾಡಿಗಿ ಎಣಿಸಿಕೋತ ಕುಂತೀಯಲ್ಲ ಶಾಂತಾ! ಅವ ಇಲ್ಲೇ ಸಿಕ್ಕೊಂಡು ನರಳತಾನ. ಹಿರಿಯರ ಸಾಲಿಗಿ ಹೋಗಂಗಿಲ್ಲ, ಮನಿಗೂ ಬರಂಗಿಲ್ಲ.”

“ನರಳಾಕತ್ತಿಲ್ಲಕ್ಕಾ. ಬಜ್ಜಿ ಮಾಡಾಕತ್ಯಾನ,” ಅಂದೆ.

ಆಕೆ ಹಣೆ ಬಡಿದುಕೊಂಡಳು. ನೇಪಾಳಿಯನ್ನು ಇವತ್ತೇ ಹೊರಗೆ ಹಾಕು ಅಂದಳು. ವರ್ಷದ ಕಾರ್ಯಕ್ಕೆ ಇನ್ನೇನು ಹೆಚ್ಚು ದಿನವಿಲ್ಲ, ಅಲ್ಲಿಯ ತನಕ ಇರಲಿ ಎಂದು ನಾನು ಹಟ ಹಿಡಿದೆ. ಕಡೆಗೆ ಸೋತು ಒಳಗೆ ಬಂದು ನನ್ನ ಪಕ್ಕ ಕೂತು ಕೈ ಹಿಡಿದುಕೊಂಡಳು. “ನಾನು ಎಡಿ ಇಡಬೌದು, ಬಾಂಡ್ಲಿ ಇಡಬೌದು. ಅವ ಏನಕ್ಕೋ ಕಾಯಾಕತ್ಯಾನ. ಅದು ಸಿಗೋತನ ಹೋಗಲ್ಲ. ನೀ ಬಿಟ್ಟುಕೊಡಬೇಕು, ತಂಗಿ,” ಅಂದಳು. ಅವಳಿಗೂ ಇದ್ದವನು ಅವನೊಬ್ಬನೇ ತಮ್ಮ.

ಏನಕ್ಕೋ ಕಾಯುತ್ತಿದ್ದಾನೆ. ನಾನೂ ಕಾಯುತ್ತಿದ್ದೆನಲ್ಲ. ಆಕೆ ಊರಿಗೆ ಹೋದ ಮರುದಿನ ಕಿಟಕಿ ತೆಗೆದು, ಬಜ್ಜಿ ತೆಗೆದುಕೊಂಡು, ಬಹದ್ದೂರನಿಗೆ ಹೇಳಿದೆ. “ಕೇಳು ಅವನ್ನ. ಕಡೀ ದಿನ ಮಿಕ್ಸಿ ತಿರಗತಿತ್ತಲ್ಲ, ಅವಾಗ ಏನಂದ ಅಂತ ಕೇಳು.”

ಬಹದ್ದೂರ್ ಬಾಣಲಿಯ ಕಡೆ ತಿರುಗಿದ. ಎಣ್ಣೆ ಕುದಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಅವನು ಈ ಕಡೆ ತಿರುಗಿದಾಗ ಕಣ್ಣು ಬೇರೆ ಎಲ್ಲೋ ಇದ್ದವು.

“ನಗಾಕತ್ಯಾನ ಅಕ್ಕಾ. ‘ಉಪ್ಪು ಹೆಂಗೈತಿ ಅಂದೆ, ಅಷ್ಟಾ’ ಅಂತಾನ. ‘ಅವತ್ತೊಂದು ದಿನ ಆಕಿ ಮಾತಿಲ್ದಾ ಮಾರೀದೆ, ಹೆಂಗಿತ್ತೋ ಏನೋ’ ಅಂತಾನ.”

ಉಪ್ಪು! ತಿಂಗಳುಗಟ್ಟಲೆ ಆ ತುಟಿಗಳಿಗೆ ಎಂತೆಂತಹ ಮಾತು ಕಟ್ಟಿದ್ದೆ. ನಗು ಬಂತು, ನಗುತ್ತಲೇ ಅಳು ಬಂತು, ಕಿಟಕಿಯ ಚೌಕಟ್ಟು ಹಿಡಿದುಕೊಂಡು ಅತ್ತೆ. ಒಂದು ಬಾಣಲಿ ಬಜ್ಜಿಯ ಉಪ್ಪಿನ ಚಿಂತೆ ಹೊತ್ತು ಸತ್ತಿದ್ದ ನನ್ನ ಗಂಡ. ಅದನ್ನು ಕೇಳಿಕೊಂಡು ಹೋಗೋಣವೆಂದು ದಿನಾ ಮೊದಲ ಬಜ್ಜಿ ಹಿಡಿದುಕೊಂಡು ಬಂದು ನಿಲ್ಲುತ್ತಿದ್ದ.

ಕೈಯಲ್ಲಿದ್ದ ಬಜ್ಜಿ ಕಚ್ಚಿದೆ. ಉಪ್ಪು ಕರಾರುವಾಕ್ಕಾಗಿತ್ತು. ಸರಿ ಐತಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ಹೇಳಿದರೆ ಮಾರೆಣ್ಣ ಹೋಗಿಬಿಡುತ್ತಾನಲ್ಲ ಎಂದು ಹೊಳೆಯಿತು.

“ಕಮ್ಮಿ ಐತಿ,” ಅಂದೆ.

ಅಂದಿನಿಂದ ದಿನಾ ಅದೇ. ಟಕ್ ಟಕ್ ಎನ್ನುವುದು, ನಾನು ಕಚ್ಚುವುದು, ಕಮ್ಮಿ ಐತಿ ಅನ್ನುವುದು. ತಣ್ಣನೆಯ ಉಸಿರು ಕೆನ್ನೆಗೆ ತಾಗುವುದು, ನಾಳೆಗೂ ಇರುತ್ತಾನೆಂದು ನನಗೆ ಸಮಾಧಾನ. ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕಿಕೊಳ್ಳಲು ಶುರು ಮಾಡಿದೆ. ಯಾರಾದರೂ ನೋಡಿದ್ದರೆ ಹುಚ್ಚಿ ಅನ್ನುತ್ತಿದ್ದರು. ಅನ್ನಲಿ.

ಆ ಕಡೆ ಬಹದ್ದೂರ್ ನಾನು ಹೇಳಿದಾಗಲೆಲ್ಲ ಹಿಟ್ಟಿಗೆ ಒಂದು ಚಿಟಿಕೆ ಉಪ್ಪು ಹಾಕುತ್ತಲೇ ಹೋದ. ಆ ಅಂಗಡಿಯಲ್ಲಿ ರುಚಿ ನೋಡುವವಳು ನಾನು, ನನ್ನ ಮಾತು ಮೀರುವಂತಿಲ್ಲ. ನನಗೆ ಕಚ್ಚಿದ್ದು ನುಂಗಲಾಗದಷ್ಟಾಯಿತು, ಆದರೂ ಕಮ್ಮಿ ಅಂದೆ. ಒಂದು ಬೆಳಿಗ್ಗೆ ಹೊರಗೆ ಶ್ರೀರಾಮುಲುವಿನ ದನಿ ಕೇಳಿಸಿತು. “ಏಮಪ್ಪಾ ಬಹದ್ದೂರ್, ಉಪ್ಪು ಎಕ್ಕುವ, ಭಾಳ ಜಾಸ್ತಿ ಆಯ್ತಲ್ಲಪ್ಪಾ! ಬೀಪಿ ಮನುಷ್ಯ ನಾನು.” ಮರುದಿನ ಅವನು ಬರಲಿಲ್ಲ. ಅವನ ಹಿಂದೆ ಉಳಿದವರೂ ಎದುರಿನ ಗಾಡಿಗೆ ಹೋದರು. ಅಂಗಡಿ ಮುಂದೆ ಎಲೆ, ಕಾಗದ ಬೀಳುವುದು ನಿಂತಿತು. ಬಹದ್ದೂರ್ ಮತ್ತೆ ಕಟ್ಟೆಯ ಮೇಲೆ ಕೂತು ಸ್ಟೇಷನ್ ಕಡೆ ನೋಡತೊಡಗಿದ.

ವರ್ಷದ ಕಾರ್ಯದ ಹಿಂದಿನ ದಿನ ಅವನು ಕಿಟಕಿಯ ಹತ್ತಿರ ಬಂದ. ಕೈಯಲ್ಲಿ ಸೌಟಿರಲಿಲ್ಲ.

“ಅಕ್ಕಾ, ಉಪ್ಪು ಕಮ್ಮಿ ಇಲ್ಲಲ್ಲ?”

ಸೆರಗಿನಿಂದ ಕಿಟಕಿಯ ಅಂಚು ಒರೆಸತೊಡಗಿದೆ.

“ಅಣ್ಣ ಇದ್ರ ನನಗೂ ಧೈರ್ಯ ಅಕ್ಕಾ. ಅವ ಹೋದ್ರ ನನ್ನ ಕೈ ಏನಾಗತೈತೋ ಗೊತ್ತಿಲ್ಲ. ಆದ್ರ ದಿನಾ ಉಪ್ಪು ಹಾಕೂ ಮುಂದ ಅವನ ಕೈ ನಡಗತೈತಿ. ನನ್ನ ಕೈಯಲ್ಲ, ಅವನದು. ಇಷ್ಟು ವರ್ಷ ಮಾಡಿದ ಬಜ್ಜಿ ಈಗ ಯಾಕ ಕೆಟ್ಟಿತು ಅಂತ ತಿಳಿಯವಲ್ದು ಅವಗ.” ಕಿಟಕಿಯ ಚೌಕಟ್ಟು ಮುಟ್ಟಿ ಹೇಳಿದ, “ನಮ್ಮಪ್ಪಗ ನಾನು ಏನೂ ಹೇಳಾಕ ಆಗಲಿಲ್ಲ. ನಿಮಗ ಕಿಟಕಿ ಐತಿ.”

ನನ್ನಂಥವಳ ಬಾಯಿಯನ್ನೂ ಮುಚ್ಚಿಸಿದ ಮಾತು ಅದೊಂದೇ. ಲಾರಿ ಮಾರೆಣ್ಣನ ಜೀವ ತೆಗೆದಿತ್ತು. ನಾನು ಅವನ ಕೈಗುಣ ತೆಗೆಯುತ್ತಿದ್ದೆ. ಅದರ ಜೊತೆಗೆ, ಹೊಟ್ಟೆಪಾಡಿಗೆ ಬೆಟ್ಟ ಇಳಿದು ಬಂದವನ ಅನ್ನವನ್ನೂ.

ಸಂಜೆ ಎರ್ರಮ್ಮ ಬಂದಳು. ಬೇಳೆ ನೆನೆಹಾಕಿ, ಬೆಳಿಗ್ಗೆ ತಾನೇ ವಡೆ ಕರಿದು ಎಡೆ ಇಡುವುದೆಂದು ಮಲಗಿದಳು. ಬೆಳಗಾಗುವಾಗ ಆಕೆ ಬಚ್ಚಲಲ್ಲಿದ್ದಳು. ಕಿಟಕಿಗೆ ಟಕ್ ಟಕ್ ಎಂದಿತು. ಸದ್ದು ಬಹಳ ಮೆಲ್ಲಗಿತ್ತು.

ತೆಗೆದೆ. ಹಬೆಯಲ್ಲಿ ಎಡಗೈ ಚಾಚಿತ್ತು. ಬಜ್ಜಿ ತೆಗೆದುಕೊಂಡು ಕಚ್ಚಿದೆ. ಬಹದ್ದೂರ್ ನನ್ನ ಮಾತು ಬಿಟ್ಟು ಹಳೆಯ ಅಳತೆಗೇ ಕಲಸಿದ್ದ. ಓಮ, ಹುಣಸೆ, ಉಪ್ಪು, ಎಲ್ಲ ಹದವಾಗಿತ್ತು. ತಣ್ಣನೆಯ ಉಸಿರು ಕೆನ್ನೆಯ ಹತ್ತಿರ ಬಂದು ನಿಂತಿತು. ಕಾಯುತ್ತಿತ್ತು.

ಅಗಿದದ್ದು ನುಂಗುವ ತನಕ ತಡೆದುಕೊಂಡೆ. ಅಷ್ಟು ಹೊತ್ತು ಅವನು ನನ್ನವನು.

“ಉಪ್ಪು ಸರಿ ಐತಿ, ಮಾರೆಣ್ಣಾ,” ಅಂದೆ. ಅವನೆದುರು ಮೊದಲ ಸಲ ಹೆಸರು ಹಿಡಿದು ಕರೆದೆ. “ಅವತ್ತೂ ಸರಿ ಇತ್ತು. ಮಿಕ್ಸಿ ನಿಂತ ಮ್ಯಾಲೆ ತಿಂದೆ ನಾನು. ಮಧ್ಯಾಹ್ನ ಊಟಕ್ಕ ಬಂದಾಗ ಹೇಳೋಣಂತ ಇಟಗೊಂಡಿದ್ದೆ.”

ಸೌಟು ಬಾಣಲಿಯ ಅಂಚಿಗೆ ಬಡಿದು ಕೆಳಗೆ ಬಿತ್ತು. ಬಹದ್ದೂರ್ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು, ಅದು ಯಾರದೋ ಕೈ ಎನ್ನುವಂತೆ ನೋಡುತ್ತಿದ್ದ. ಕೆನ್ನೆಗೆ ಬರೀ ಎಣ್ಣೆಯ ಬಿಸಿ ಹೊಡೆಯಿತು. ಗೋಡೆಯ ಕಡೆ ನೋಡಿದೆ. ಮಸಿ ಹಿಡಿದ ಗೋಡೆ.

“ಭಾರ ಇಳೀತು ಅಕ್ಕಾ,” ಅಂದ ಬಹದ್ದೂರ್. ಅವನ ಸ್ವಂತ ದನಿ, ನೇಪಾಳದ್ದು.

ಎರ್ರಮ್ಮ ಅದೇ ಬಾಣಲಿಯನ್ನು ತೊಳೆಸಿ, ಒಳಗಿನ ಒಲೆಗೆ ಇಟ್ಟು ವಡೆ ಕರಿದಳು. ಎಡೆ ಇಟ್ಟಳು. ಧೂಪದ ಹೊಗೆ ನೆಟ್ಟಗೆ ಮೇಲೆ ಹೋಯಿತು, ತಮ್ಮನಿಗೆ ದಾರಿ ಸಿಕ್ಕಿತು ಎಂದು ಹೇಳಿ ಕಣ್ಣೊರೆಸಿಕೊಂಡಳು. ಹೊರಡುವಾಗ ಬಾಣಲಿಯನ್ನು ಎತ್ತಿ ತಾನೇ ಬಹದ್ದೂರನ ಕೈಗೆ ಕೊಟ್ಟಳು. “ಗೋಬಿ ಬೇಕಾದರೂ ಮಾಡಿಕೋ ಇನ್ನ,” ಅಂದಳು, ಮುಖ ಆ ಕಡೆ ಮಾಡಿಕೊಂಡು.

ಆ ರಾತ್ರಿ ಮನೆ ಎಷ್ಟು ಖಾಲಿಯಾಗಿತ್ತೆಂದರೆ, ಅವನು ಸತ್ತದ್ದು ಅವತ್ತೇ ಎಂದು ನನಗನ್ನಿಸಿತು. ಬಾಯಿಗೆ ಬಂದ ಹಾಗೆ ಬೈದೆ. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ಬೆಳಿಗ್ಗೆ ಎಣ್ಣೆ ಕಾಯುವ ವಾಸನೆ ಬಂತು. ಕಾದದ್ದು ಸ್ವಲ್ಪ ಹೆಚ್ಚೇ ಆಗಿತ್ತು, ಗೋಡೆಯ ಈಚೆಗೂ ಗೊತ್ತಾಗುತ್ತಿತ್ತು. ಆಚೆ ಅಂಗಡಿಯಲ್ಲಿ ಏನೋ ಬಿದ್ದ ಸದ್ದು, ಹಿಂದಿಯಲ್ಲಿ ತನ್ನನ್ನು ತಾನೇ ಬೈದುಕೊಂಡ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕಡೆಗೆ ಕಿಟಕಿಯ ಮರಕ್ಕೆ ಬೆರಳ ಗೆಣ್ಣಿನಿಂದ ಯಾರೋ ಒಂದೇ ಸಲ ಬಡಿದರು.

ತೆಗೆದೆ. ಬಹದ್ದೂರ್ ಬಲಗೈಯಲ್ಲಿ, ಒಂದು ಕಾಗದದ ತುಂಡಿನ ಮೇಲೆ ಬಜ್ಜಿ ಇಟ್ಟುಕೊಂಡು ನಿಂತಿದ್ದ. ಸೊಟ್ಟಗೆ, ಒಂದು ಕಡೆ ಹಿಟ್ಟು ಜಾರಿ ಮೆಣಸಿನಕಾಯಿ ಕಾಣುತ್ತಿತ್ತು.

“ಅಕ್ಕಾ, ಥೋಡಾ… ರುಚಿ ನೋಡ್ತೀರೇನ್ರಿ?”

ಅವನ ಹಿಂದೆ ಅರ್ಧ ಎತ್ತಿದ ಶಟರಿನ ಕೆಳಗೆ ಶ್ರೀರಾಮುಲುವಿನ ಖಾಕಿ ಪ್ಯಾಂಟು ಕಾಣಿಸಿತು. ಕಚ್ಚಿ ಅಗಿದೆ. ಬಹದ್ದೂರ್ ನನ್ನ ಬಾಯಿಯನ್ನೇ ನೋಡುತ್ತಿದ್ದ.

“ಕಮ್ಮಿ ಐತಿ,” ಅಂದೆ.

ಅವನ ಕಣ್ಣಲ್ಲಿ ಅನುಮಾನ ಬಂತು. ಬರಬೇಕಾದದ್ದೇ. “ದಿಟಾನಾ, ಅಕ್ಕಾ?”

“ಮಾರೆಣ್ಣನಾಣೆ,” ಅಂದೆ. ಈ ಸಲ ನಿಜವಾಗಿಯೂ ಉಪ್ಪು ಕಮ್ಮಿಯಿತ್ತು.